‘ದೊಡ್ಡ ದಿನ’ವೂ ‘ಇಪ್ಪತ್ತೈದನೆಯ ಕೋಣೆ’ಯೂ

ರ್ಯಾಪ್ ಎಂಬ ಗಾನಪ್ರಕಾರದ ಹೆಸರನ್ನು ಕೇಳದವರು ನಮ್ಮ ವಿದ್ಯಾರ್ಥಿನಿಯರಲ್ಲಿ ಈಗ ವಿರಳ. ಅದು ಎಂಥದೆಂದು ನಿಧಾನವಾಗಿ ವಿಚಾರಿಸಿದವರೂ ಅಷ್ಟೇ ವಿರಳ. ಹಿರಿಯರು ಅದನ್ನು ಗದ್ದಲವೆಂದು ಕರೆದು ಬಾಗಿಲು ಹಾಕಿಕೊಳ್ಳುವರು. ಕಿರಿಯರು ಹೆಸರಾದುದನ್ನೆಲ್ಲ ಒಳ್ಳೆಯದೆಂದು ನಂಬಿ ಕಿವಿಗೊಡುವರು. ಈ ಎರಡು ಬಗೆಯವರಿಗೂ ಉಪಯೋಗವಾಗುವಂತೆ, ಅಮೇರಿಕದ ಶಿಕಾಗೊ ಪಟ್ಟಣದ ಇಬ್ಬರು ತರುಣರು ಹೊರಡಿಸಿದ ಎರಡು ಸಂಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ನಮ್ಮ ಉದ್ದೇಶ. ಅವುಗಳಲ್ಲಿ ಒಂದು, 2019ನೆಯ ಇಸವಿಯಲ್ಲಿ ಬಹು ನಿರೀಕ್ಷೆಯ ನಡುವೆ ಹೊರಬಂದು ಕೇಳುಗರನ್ನು ನಿರಾಶೆಗೊಳಿಸಿದುದು. ಮತ್ತೊಂದು, ಅದಕ್ಕೆ ಹತ್ತು ತಿಂಗಳು ಮೊದಲೇ ಬಂದು, ಬಲ್ಲವರ ಮೆಚ್ಚುಗೆಯನ್ನು ಪಡೆದರೂ ಜನಸಾಮಾನ್ಯರಿಗೆ ಅಷ್ಟಾಗಿ ತಿಳಿಯದೆ ಉಳಿದುದು. ಇವನ್ನು ಮಾಡಿದವರಿಬ್ಬರೂ ಒಂದೇ ಪುಸ್ತಕಭಂಡಾರದಲ್ಲಿ ಬೆಳೆದವರೆಂಬುದು ಈ ಹೋಲಿಕೆಗೆ ಮತ್ತಷ್ಟು ಸ್ವಾರಸ್ಯವನ್ನು ಕೊಡುವುದು.

ಮೊದಲು ರ್ಯಾಪ್ ಎಂದರೇನೆಂಬುದನ್ನು ಹೇಳಬೇಕಷ್ಟೆ. ಸಾಮಾನ್ಯವಾದ ಹಾಡಿನಲ್ಲಿ ಸ್ವರದ ಏರಿಳಿತ ಮುಖ್ಯ. ರ್ಯಾಪಿನಲ್ಲಿ ಮಾತು ತಾಳದೊಡನೆ ಕೂಡಿ ನಡೆಯುವುದು ಮುಖ್ಯ. ಗಾಯಕನು ತನ್ನ ಸಾಹಿತ್ಯವನ್ನು ಬಹುಮಟ್ಟಿಗೆ ಆಡುಮಾತಿನ ಧ್ವನಿಯಲ್ಲಿಯೇ, ಆದರೆ ತಾಳದ ಒಂದು ಪೆಟ್ಟೂ ತಪ್ಪದಂತೆ, ಪ್ರಾಸದ ಮೇಲೆ ಪ್ರಾಸವನ್ನು ಜೋಡಿಸುತ್ತ ನುಡಿಯುವನು. ನಮ್ಮ ಹಳೆಯ ಕಾವ್ಯಗಳಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿ ನಿಲ್ಲುವುದು. ರ್ಯಾಪಿನಲ್ಲಾದರೋ ಅದು ಸಾಲಿನ ಕೊನೆಯಲ್ಲಿಯೂ ಬರುವುದು, ನಡುವೆಯೂ ಬರುವುದು, ಕೆಲವೊಮ್ಮೆ ಒಂದೇ ಸಾಲಿನಲ್ಲಿ ನಾಲ್ಕೈದು ಕಡೆ ಇಣಿಕಿ ಹೋಗುವುದು. ಆದುದರಿಂದ ಈ ಕಲೆಯನ್ನು ಅಳೆಯುವಾಗ ಕಂಠ ಇಂಪಾಗಿದೆಯೇ ಎಂಬುದಕ್ಕಿಂತ ಹೆಚ್ಚಾಗಿ, ಹೇಳಿದ ಮಾತು ಎಂಥದು, ಅದನ್ನು ಹೇಗೆ ಕಟ್ಟಿದೆ ಎಂಬುದನ್ನು ನೋಡತಕ್ಕದ್ದು.

ಇದರ ಹುಟ್ಟಿನಲ್ಲಿ ಶಾಲೆಯ ಹುಡುಗಿಯೊಬ್ಬಳ ಪಾತ್ರವಿರುವುದನ್ನೂ ಇಲ್ಲಿ ಹೇಳದೆ ಬಿಡಲಾರೆವು. 1973ನೆಯ ಇಸವಿ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಜ್‌ವಿಕ್ ಅವೆನ್ಯೂವಿನಲ್ಲಿ, 1520ನೆಯ ನಂಬರಿನ ಕಟ್ಟಡದ ಕೂಟದ ಕೋಣೆಯಲ್ಲಿ, ಸಿಂಡಿ ಕ್ಯಾಂಬೆಲ್ ಎಂಬವಳು ಒಂದು ನೃತ್ಯಕೂಟವನ್ನು ಏರ್ಪಡಿಸಿದಳು. ರಜೆ ಮುಗಿದು ಶಾಲೆ ತೆರೆಯುವುದರಲ್ಲಿತ್ತು; ಹೊಸ ಬಟ್ಟೆಗಳಿಗೆ ಹಣ ಬೇಕಾಗಿತ್ತು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಧನ. ಆಕೆಯ ಅಣ್ಣನಾದ ಕ್ಲೈವ್, ಅಂದರೆ ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು, ಎರಡು ತಿರುಗುಯಂತ್ರಗಳ ಮೇಲೆ ತಟ್ಟೆಗಳನ್ನಿಟ್ಟು, ಹಾಡಿನ ನಡುವೆ ವಾದ್ಯಗಳೆಲ್ಲ ನಿಂತು ತಾಳವೊಂದೇ ನುಡಿಯುವ ತುಣುಕನ್ನು ಮರಳಿ ಮರಳಿ ನುಡಿಸಿದನು. ಆ ತಾಳದ ಮೇಲೆ ಮಾತು ಬೆಳೆಯಿತು. ಆ ಸಂಜೆಯನ್ನೇ ಈ ಕಲೆಯ ಜನ್ಮದಿನವೆಂದು ಈಗ ಎಣಿಸುವರು.

ಇನ್ನು ಶಿಕಾಗೊ. ಈ ಪಟ್ಟಣದ ದಕ್ಷಿಣ ಭಾಗದಲ್ಲಿ ಬ್ರಾಂಜ್‌ವಿಲ್ ಎಂಬ ಮೊಹಲ್ಲೆಯುಂಟು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೇರಿಕದ ದಕ್ಷಿಣ ಸಂಸ್ಥಾನಗಳ ದಬ್ಬಾಳಿಕೆಯನ್ನು ತಾಳಲಾರದೆ ಉತ್ತರಕ್ಕೆ ವಲಸೆ ಬಂದ ಕಪ್ಪು ವರ್ಣದ ಜನರು ಇಲ್ಲಿ ನೆಲೆಯೂರಿದರು. ಗ್ವೆಂಡೊಲಿನ್ ಬ್ರೂಕ್ಸ್ ಎಂಬ ಕವಯಿತ್ರಿಯು ತನ್ನ ಮೊದಲನೆಯ ಕವಿತಾಸಂಗ್ರಹಕ್ಕೆ ಈ ಮೊಹಲ್ಲೆಯ ಬೀದಿಯನ್ನೇ ವಿಷಯವಾಗಿ ತೆಗೆದುಕೊಂಡಳು. 1950ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆದ ಮೊದಲನೆಯ ಕಪ್ಪು ವರ್ಣದ ಲೇಖಕಿ ಈಕೆಯೇ. ಥಾಮಸ್ ಡಾರ್ಸಿ ಎಂಬಾತನು 1930ರ ದಶಕದಲ್ಲಿ ಗಾಸ್ಪೆಲ್ ಎಂಬ ಭಕ್ತಿಗಾನದ ಪದ್ಧತಿಯನ್ನು ಬೆಳೆಸಿದ್ದೂ ಇಲ್ಲಿನ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ. ನಾವು ಹೇಳಹೊರಟ ಇಬ್ಬರಲ್ಲಿ ಒಬ್ಬನು ಈ ಭಕ್ತಿಗಾನದ ಕಡೆಗೆ, ಒಬ್ಬಳು ಆ ಕವಿತೆಯ ಕಡೆಗೆ ವಾಲಿದವರೆಂದರೆ ತಪ್ಪಾಗದು.

ಪಟ್ಟಣದ ನಡುವೆ ಸ್ಟೇಟ್ ಬೀದಿಯಲ್ಲಿ 1991ರಲ್ಲಿ ತೆರೆದ ದೊಡ್ಡ ಸಾರ್ವಜನಿಕ ಪುಸ್ತಕಭಂಡಾರವೊಂದು ನಿಂತಿದೆ. ಶಿಕಾಗೊವಿನ ಮೊದಲ ಕಪ್ಪು ವರ್ಣದ ನಗರಾಧ್ಯಕ್ಷನಾಗಿದ್ದ ಹೆರಾಲ್ಡ್ ವಾಷಿಂಗ್ಟನ್ನನ ಹೆಸರನ್ನು ಅದಕ್ಕೆ ಇಟ್ಟಿರುವರು. ಅದರಲ್ಲಿ ಹೈಸ್ಕೂಲಿನ ವಯಸ್ಸಿನವರಿಗಾಗಿಯೇ 2009ರಲ್ಲಿ ‘ಯೂಮೀಡಿಯ’ ಎಂಬ ವಿಭಾಗವನ್ನು ತೆರೆದರು. ಪುಸ್ತಕಗಳಿದ್ದಂತೆಯೇ ಅಲ್ಲಿ ಗಣಕಯಂತ್ರಗಳೂ ಧ್ವನಿಯನ್ನು ಮುದ್ರಿಸಿಕೊಳ್ಳುವ ಸಲಕರಣೆಗಳೂ ಇದ್ದುವು. ವಾರಕ್ಕೊಂದು ಸಂಜೆ ಯಾರು ಬೇಕಾದರೂ ವೇದಿಕೆಯನ್ನೇರಿ ತಾವು ಬರೆದುದನ್ನು ಓದಬಹುದಾಗಿತ್ತು. ಇದನ್ನು ನಡೆಸುತ್ತಿದ್ದ ಮೈಕ್ ಹಾಕಿನ್ಸ್ ಎಂಬ ಕವಿಯನ್ನು ಮಕ್ಕಳು ‘ಬ್ರದರ್ ಮೈಕ್’ ಎಂದು ಕರೆಯುತ್ತಿದ್ದರು. ಈತನು 2014ರಲ್ಲಿ ಅಕಾಲದಲ್ಲಿ ತೀರಿಕೊಂಡನು. ಚಾನ್ಸಲರ್ ಬೆನೆಟ್ ಎಂಬ ಹುಡುಗನೂ ಫಾತಿಮಾ ವಾರ್ನರ್ ಎಂಬ ಹುಡುಗಿಯೂ ಆ ವೇದಿಕೆಯ ಮೇಲೆ ಬಾಯಿ ಬಿಡಲು ಕಲಿತವರು.

ಬೆನೆಟ್ಟನು 1993ರಲ್ಲಿ ಹುಟ್ಟಿದವನು. ಲೋಕವು ಆತನನ್ನು ಚಾನ್ಸ್ ದಿ ರ್ಯಾಪರ್ ಎಂಬ ಹೆಸರಿನಿಂದ ಬಲ್ಲುದು. ಹೈಸ್ಕೂಲಿನಲ್ಲಿ ಹತ್ತು ದಿವಸ ಶಾಲೆಯಿಂದ ಹೊರಗಿಡಲ್ಪಟ್ಟಾಗ ತೊಡಗಿದ ಹಾಡುಗಳನ್ನು ಆತನು 2012ರಲ್ಲಿ ‘ಟೆನ್ ಡೇ’ ಎಂದೇ ಹೆಸರಿಟ್ಟು ಹೊರಡಿಸಿದನು. (ಶಿಕ್ಷೆಯ ದಿನಗಳನ್ನು ಇಷ್ಟು ಪ್ರಯೋಜನಕ್ಕೆ ತಂದವರು ಕಡಿಮೆ, ಆದರೂ ಇದೇ ಮಾರ್ಗವನ್ನು ಹಿಡಿಯಿರೆಂದು ನಾವು ಯಾರಿಗೂ ಹೇಳಲಾರೆವು.) ಮರುವರ್ಷ ‘ಆಸಿಡ್ ರ್ಯಾಪ್’, 2016ರಲ್ಲಿ ‘ಕಲರಿಂಗ್ ಬುಕ್’ ಹೊರಬಂದುವು. ಇವು ಯಾವುದಕ್ಕೂ ಆತನು ಧ್ವನಿಮುದ್ರಣ ಕಂಪೆನಿಗಳ ಹಂಗಿಗೆ ಒಳಗಾಗಲಿಲ್ಲ. ಯಾವುದನ್ನೂ ಅಂಗಡಿಯ ಮಾರಾಟಕ್ಕೆ ಇಡಲೂ ಇಲ್ಲ. ಕಡೆಯದರಲ್ಲಿ ದೇವಾಲಯದ ಮೇಳಗಾನವನ್ನೂ ಶಿಕಾಗೊವಿನ ಮಕ್ಕಳ ಗಾಯನವೃಂದವನ್ನೂ ತಾಳದೊಡನೆ ಬೆರೆಸಿ, ಕೃತಜ್ಞತೆಯನ್ನೂ ಸಂತೋಷವನ್ನೂ ಅದುವರೆಗೆ ರ್ಯಾಪಿನಲ್ಲಿ ಅಪರೂಪವಾಗಿದ್ದ ರೀತಿಯಲ್ಲಿ ನುಡಿದನು. 2017ರ ಫೆಬ್ರವರಿಯಲ್ಲಿ ಅದಕ್ಕೆ ಗ್ರ್ಯಾಮಿ ಬಹುಮಾನ ದೊರೆಯಿತು. ತಟ್ಟೆಯಾಗಿ ಮಾರಾಟಕ್ಕೆ ಬಾರದ ಸಂಪುಟವೊಂದು ಆ ಬಹುಮಾನವನ್ನು ಪಡೆದುದು ಅದೇ ಮೊದಲು. ಮುಂದಿನ ತಿಂಗಳಲ್ಲಿ ಆತನು ಶಿಕಾಗೊವಿನ ಸಾರ್ವಜನಿಕ ಶಾಲೆಗಳಿಗೆ ಹತ್ತು ಲಕ್ಷ ಡಾಲರುಗಳನ್ನು ಕೊಡುವುದಾಗಿ ಪ್ರಕಟಿಸಿದನು. ಇಂಥವನು ತನ್ನ ಮೊದಲನೆಯ ಪೂರ್ಣ ಸಂಪುಟವೆಂದು ಒಂದನ್ನು ಸಾರಿದಾಗ ಜನರು ಎಷ್ಟು ಆಶೆಯಿಂದ ಕಾದಿರಬೇಕೆಂಬುದನ್ನು ಊಹಿಸಬಹುದು.

ಅದೇ ‘ದಿ ಬಿಗ್ ಡೇ’, ಅಂದರೆ ‘ದೊಡ್ಡ ದಿನ’. 2019ರ ಜುಲೈ 26ರಂದು ಹೊರಬಂದಿತು. ಆ ವರ್ಷದ ಮಾರ್ಚಿಯಲ್ಲಿ ಆತನ ಮದುವೆಯಾಗಿತ್ತು. ಮದುವೆಯ ದಿನವೇ ಸಂಪುಟದ ವಿಷಯ. ಮೂರು ಸಂಭಾಷಣೆಯ ತುಣುಕುಗಳೂ ಸೇರಿ 22 ಭಾಗಗಳು. ಎಲ್ಲ ಕೂಡಿ 77 ನಿಮಿಷ. ಅಮೇರಿಕದ ಸಂಪುಟಗಳ ವಾರದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತಾದರೂ ಕೇಳಿದವರ ಮುಖ ಬೇಗನೆ ಬಾಡಿತು. ಪರಿಹಾಸವು ಊರೆಲ್ಲ ಹಬ್ಬಿತು. ಗೊತ್ತುಮಾಡಿದ್ದ ಸಂಚಾರವನ್ನು ಮೊದಲು ಮುಂದಕ್ಕೆ ಹಾಕಿ, ಆ ವರ್ಷದ ಡಿಸೆಂಬರಿನಲ್ಲಿ ಪೂರ್ತಿಯಾಗಿಯೇ ಬಿಟ್ಟುಬಿಟ್ಟರು.

ನಕ್ಕವರು ಹೇಳಿದ್ದೇನೆಂದರೆ, ಈತನಿಗೆ ಹೆಂಡತಿಯ ಮೇಲಿನ ಪ್ರೀತಿಯ ಹೊರತು ಬೇರೆ ಮಾತೇ ಇಲ್ಲವೆಂದು. ಮದುವೆಯೂ ಮನೆಯೂ ರ್ಯಾಪಿಗೆ ತಕ್ಕ ವಿಷಯಗಳಲ್ಲವೆಂಬುದು ಆ ನಗೆಯ ಒಳಗಿನ ಅಭಿಪ್ರಾಯ. ಇದನ್ನು ನಾವು ಸರ್ವಥಾ ಒಪ್ಪಲಾರೆವು. ಒಪ್ಪಿದರೆ ಈ ಕಲೆಗೆ ಹಣ, ಬಂದೂಕು, ಮೇಲಾಟಗಳ ಮಾತೊಂದೇ ಉಳಿಯುವುದು. ಮನೆಯಲ್ಲಿ ತಾಯಿಯೊಡನೆ, ಅಜ್ಜಿಯೊಡನೆ ಬದುಕುವ ಹುಡುಗಿಗೆ ಅದರಲ್ಲಿ ಕುಳಿತುಕೊಳ್ಳಲು ಚಾಪೆಯಷ್ಟು ಜಾಗವೂ ಇರದು. ಸಂತೋಷದ ಹಾಡು ಕೆಟ್ಟಿತೆಂದಾದರೆ ಕೆಟ್ಟದ್ದಕ್ಕೆ ಕಾರಣವನ್ನು ಹಾಡಿನ ಕಟ್ಟಡದಲ್ಲಿ ಹುಡುಕತಕ್ಕದ್ದು.

ಕಟ್ಟಡವನ್ನು ನೋಡೋಣ. ಮದುವೆಯ ಮನೆಯಲ್ಲಿ ನೆಂಟರ ಗದ್ದಲದಿಂದ ಮದುಮಗಳೇ ಕಾಣದಂತಾಗುವುದುಂಟು. ಇಲ್ಲಿಯೂ ಹಾಗೆಯೇ ಆಗಿದೆ. ಜಾನ್ ಲೆಜೆಂಡ್, ರ್ಯಾಂಡಿ ನ್ಯೂಮನ್, ಶಾನ್ ಮೆಂಡಿಸ್, ನಿಕಿ ಮಿನಾಜ್, ಎನ್ ವೋಗ್ ಮೊದಲಾಗಿ ಬಂದ ಅತಿಥಿಗಳು ಲೆಕ್ಕಕ್ಕೆ ಹೆಚ್ಚು. ಒಬ್ಬೊಬ್ಬರ ರೀತಿಯೂ ಬೇರೆ. ಅವರಿಗೆ ತಕ್ಕಂತೆ ಹಾಡಿನ ಮೈಯೂ ಬೇರೆ. ಒಂದರಿಂದ ಮತ್ತೊಂದಕ್ಕೆ ಹೋಗುವಾಗ ಹಾದಿ ಕಾಣದು. ‘ಹಾಟ್ ಶವರ್’ ಎಂಬುದರಲ್ಲಿ ಪ್ರಾಸಗಳುಂಟು, ತಾಳವುಂಟು, ಹೇಳಿದ್ದು ಮಾತ್ರ ಏನೂ ಇಲ್ಲ. ಇದೆಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ತಾನು ಸುಖಿಯೆಂದು ಆತನು ನಮಗೆ ಮತ್ತೆ ಮತ್ತೆ ತಿಳಿಸುವನೇ ಹೊರತು ಆ ಸುಖವನ್ನು ಕಾಣಿಸುವುದಿಲ್ಲ. 77 ನಿಮಿಷಗಳ ಕೊನೆಯಲ್ಲಿ ಆ ಹೆಂಡತಿ ಎಂಥವಳು, ಯಾವುದಕ್ಕೆ ನಗುವಳು, ಯಾವುದಕ್ಕೆ ಮುನಿಯುವಳು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರದು. ಆಕೆ ಹೊಗಳಿಕೆಯ ಹಿಂದೆ ಮರೆಯಾಗಿಬಿಟ್ಟಿರುವಳು. (ಈ ದಂಪತಿಗಳು ಬೇರೆಯಾಗುವುದಾಗಿ 2024ರಲ್ಲಿ ಪ್ರಕಟಿಸಿದರು. ಅದನ್ನು ಹಿಡಿದು ಹಾಡನ್ನು ಅಳೆಯುವುದು ಸಭ್ಯತೆಯೂ ಅಲ್ಲ, ವಿಮರ್ಶೆಯೂ ಅಲ್ಲ.)

ಆದರೂ ನ್ಯಾಯವಾಗಿ ಹೇಳಬೇಕು. ಇದೇ ಸಂಪುಟದ ‘ವಿ ಗೋ ಹೈ’ ಎಂಬ ಹಾಡಿನಲ್ಲಿ, ತಾನು ಹೇಳಿದ ಸುಳ್ಳುಗಳಿಂದ ಆಕೆ ತನ್ನಿಂದ ದೂರ ಸರಿದ ಕಾಲವನ್ನು ಆತನು ಮುಚ್ಚಿಡದೆ ಹೇಳುವನು. ಆ ಕ್ಷಣದಲ್ಲಿ ಹೆಂಗಸೊಬ್ಬಳು ಕೋಣೆಯೊಳಕ್ಕೆ ಕಾಲಿಟ್ಟಂತಾಗುವುದು. ಸಂತೋಷಕ್ಕೂ ಬೆಲೆ ಬರುವುದು. ಬೇಸಗೆಯ ರಜೆಗಳನ್ನು ನೆನೆಯುವ ‘ಡು ಯೂ ರಿಮೆಂಬರ್’, ಸದ್ದಿಲ್ಲದೆ ನಡೆಯುವ ‘ಟೌನ್ ಆನ್ ದಿ ಹಿಲ್’, ತಾನು ಸತ್ತ ಮೇಲೆ ಏನು ಮಾಡಬಾರದೆಂದು ಹೇಳುವ ‘ಸನ್ ಕಮ್ ಡೌನ್’, ಇವೂ ಒಳ್ಳೆಯವೇ. ಇಂಥ ಏಳೆಂಟನ್ನು ಆರಿಸಿ ಉಳಿದುದನ್ನು ಬಿಟ್ಟಿದ್ದರೆ ಸಂಪುಟವು ಬದುಕುತ್ತಿತ್ತು. ಬಿಡುವ ಧೈರ್ಯ ಆತನಿಗೆ ಬರಲಿಲ್ಲ.

ಈಗ ಆ ಪುಸ್ತಕಭಂಡಾರದ ಹುಡುಗಿಯ ಕಡೆಗೆ ತಿರುಗೋಣ. ಫಾತಿಮಾ ವಾರ್ನರ್ 1991ರಲ್ಲಿ ಹುಟ್ಟಿ, ಬ್ರಾಂಜ್‌ವಿಲ್ಲಿನಲ್ಲಿ ಅಜ್ಜ ಅಜ್ಜಿಯರ ಮನೆಯಲ್ಲಿ ಬಾಲ್ಯವನ್ನು ಕಳೆದಳು. ತಾಯಿ ಪುಸ್ತಕದ ಅಂಗಡಿಯನ್ನು ನಡೆಸುತ್ತಿದ್ದವಳು. ಹುಡುಗಿಯು ಮೊದಲು ಕವಿತೆಗಳನ್ನು ಬರೆದು ವೇದಿಕೆಯ ಮೇಲೆ ಓದುತ್ತಿದ್ದು, ಕ್ರಮೇಣ ಅವುಗಳಿಗೆ ತಾಳವನ್ನು ಕೂಡಿಸಿಕೊಂಡಳು. ತನಗೆ ‘ನೋನೇಮ್’, ಅಂದರೆ ‘ಹೆಸರಿಲ್ಲದವಳು’, ಎಂಬ ಹೆಸರನ್ನಿಟ್ಟುಕೊಂಡಳು. ಮೊದಲು ಈ ಹೆಸರಿನ ಹಿಂದೆ ‘ಜಿಪ್ಸಿ’ ಎಂಬ ಬಾಲವೂ ಇತ್ತು; ಯೂರೋಪಿನ ರೋಮಾ ಜನರಿಗೆ ಆ ಪದವು ನೋವಿನದೆಂದು ತಿಳಿದ ಕೂಡಲೆ 2016ರಲ್ಲಿ ಅದನ್ನು ಕಿತ್ತುಹಾಕಿದಳು. ಬಹು ಜನರು ಆಕೆಯ ಧ್ವನಿಯನ್ನು ಮೊದಲು ಕೇಳಿದ್ದು ಚಾನ್ಸನ ‘ಆಸಿಡ್ ರ್ಯಾಪ್’ ಸಂಪುಟದ ‘ಲಾಸ್ಟ್’ ಎಂಬ ಹಾಡಿನಲ್ಲಿ. ಅಂದರೆ ಇವಳನ್ನು ವೇದಿಕೆಗೆ ಕರೆತಂದವರಲ್ಲಿ ಆತನೂ ಒಬ್ಬನು. ಈ ಪುಣ್ಯವನ್ನು ಆತನ ಲೆಕ್ಕಕ್ಕೆ ಸೇರಿಸಲೇಬೇಕು.

2016ರಲ್ಲಿ ಆಕೆಯ ‘ಟೆಲಿಫೋನ್’ ಬಂದಿತು. ಆ ಬಳಿಕ ಆಕೆ ಊರೂರು ತಿರುಗಿ ಹಾಡಿ, ಹೋಟೆಲಿನ ಕೋಣೆಗಳಲ್ಲಿ ಕಾಲ ಕಳೆದು, ಶಿಕಾಗೊವನ್ನು ಬಿಟ್ಟು ಲಾಸ್ ಏಂಜಲಿಸ್ ಪಟ್ಟಣಕ್ಕೆ ಹೋದಳು. ಆಗ ಆಕೆಗೆ ಇಪ್ಪತ್ತೈದು ವಯಸ್ಸು. ಆ ಕೋಣೆಯೂ ಆ ವಯಸ್ಸೂ ಸೇರಿ ‘ರೂಮ್ 25’ ಎಂಬ ಹೆಸರಾಯಿತು. ಕಂಪೆನಿಯ ನೆರವಿಲ್ಲದೆ, ತನ್ನ ಸ್ವಂತ ಸಂಪಾದನೆಯಿಂದ ಆಕೆ ಇದನ್ನು 2018ರ ಸೆಪ್ಟೆಂಬರ್ 14ರಂದು ಹೊರಡಿಸಿದಳು. ಹಾಡುಗಳು ಹನ್ನೊಂದು, ಕಾಲ ಸುಮಾರು 35 ನಿಮಿಷ. ‘ದೊಡ್ಡ ದಿನ’ದ ಅರ್ಧಕ್ಕಿಂತಲೂ ಕಡಿಮೆ.

ಫೀಲಿಕ್ಸ್ ಎಂಬ ಸಂಗೀತಗಾರನು ಇದರ ವಾದ್ಯಗಳ ಮೇಲ್ವಿಚಾರಣೆ ಮಾಡಿದನು. ಯಂತ್ರದಿಂದ ಹೊರಡಿಸಿದ ತಾಳಕ್ಕೆ ಬದಲಾಗಿ ಮನುಷ್ಯರು ಬಾರಿಸಿದ ಮದ್ದಲೆ, ಮೀಟಿದ ತಂತಿ, ಹಿಂದೆ ಮೆಲ್ಲಗೆ ಏಳುವ ಪಿಟೀಲುಗಳು. ಇವುಗಳ ನಡುವೆ ನೋನೇಮಳ ಧ್ವನಿ ಎತ್ತರಕ್ಕೆ ಏರುವುದೇ ಇಲ್ಲ. ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಗೆಳತಿಗೆ ಗುಟ್ಟು ಹೇಳುವವಳ ಸ್ವರ ಅದು. ಆದರೆ ಮಾತು ಮಾತ್ರ ಬಹು ವೇಗ. ಒಂದು ಪ್ರಾಸದಿಂದ ಮತ್ತೊಂದಕ್ಕೆ ಜಾರುವಾಗ ಎಲ್ಲಿ ಹೆಜ್ಜೆಯಿಟ್ಟಳೆಂಬುದು ಕಾಣದು. ಮೊದಲನೆಯ ‘ಸೆಲ್ಫ್’ ಎಂಬ ಹಾಡು ಒಂದೂವರೆ ನಿಮಿಷದ್ದು. ಹೆಂಗಸಿಗೆ ರ್ಯಾಪ್ ಬರುವುದೇ ಎಂದು ಮೂಗು ಮುರಿದವರನ್ನು ಕೆಣಕಿ, ಅವರು ಬಾಯಿ ತೆರೆಯುವ ಮೊದಲೇ ಮುಗಿಸಿಬಿಡುವಳು.

ಇದರಲ್ಲಿ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದುದು ‘ಪ್ರೇಯರ್ ಸಾಂಗ್’, ಅಂದರೆ ‘ಪ್ರಾರ್ಥನೆಯ ಹಾಡು’. ಅಮೇರಿಕದಲ್ಲಿ ಕಪ್ಪು ವರ್ಣದವರು ಪೋಲೀಸಿನವರ ಗುಂಡಿಗೆ ಬಲಿಯಾಗುವ ಸಂಗತಿ ಲೋಕಕ್ಕೆ ತಿಳಿದಿದೆ. ಅದರ ಮೇಲೆ ಹಾಡಿದವರು ಬಹು ಮಂದಿ. ಅವರಲ್ಲಿ ಹೆಚ್ಚಿನವರು ಸತ್ತವನ ಪರವಾಗಿ ನಿಂತು ಸಿಟ್ಟಿನಿಂದ ಕೂಗಿರುವರು. ಕೂಗಿದ್ದು ಸಹಜವೇ. ನೋನೇಮಳಾದರೋ ಹಾಡಿನ ಒಂದು ಭಾಗದಲ್ಲಿ ಗುಂಡು ಹಾರಿಸಿದ ಪೋಲೀಸಿನವನ ಬಾಯೊಳಕ್ಕೇ ಹೊಕ್ಕು ಅವನ ಮಾತಿನಲ್ಲಿ ನುಡಿಯುವಳು. ಅವನ ಗರ್ವವನ್ನೂ ಅಧಿಕಾರದ ಮದವನ್ನೂ ಅವನೇ ಹೇಳಿಕೊಳ್ಳುವಂತೆ ಬಿಟ್ಟು, ತಾನು ಒಂದು ಮಾತಿನ ಟೀಕೆಯನ್ನೂ ಸೇರಿಸುವುದಿಲ್ಲ. ರನ್ನನು ದುರ್ಯೋಧನನಿಗೆ ಹೇಗೆ ಬಾಯಿ ಕೊಟ್ಟನೆಂಬುದನ್ನು ಓದಿದವರಿಗೆ ಈ ಕೌಶಲ ಪೂರಾ ಅಪರಿಚಿತವಾಗಿ ತೋರದು. ಇಂಥವನನ್ನು ಒಳಗಿನಿಂದ ಕಾಣಲು ಬೇಕಾದ ತಾಳ್ಮೆ ಇಪ್ಪತ್ತಾರು ವರ್ಷದವಳಲ್ಲಿತ್ತೆಂಬುದು ಸಣ್ಣ ಮಾತಲ್ಲ.

ಮತ್ತೊಂದು ‘ಡೋಂಟ್ ಫರ್ಗೆಟ್ ಅಬೌಟ್ ಮಿ’. ಇದು ಸಾವಿನ ಹಾಡು. ಚಾನ್ಸನ ‘ಸನ್ ಕಮ್ ಡೌನ್’ ಕೂಡ ಸಾವಿನದೇ ಎಂದೆವಷ್ಟೆ. ಎರಡನ್ನೂ ಒಂದೇ ಸಂಜೆ ಕೇಳಿದರೆ ಇಬ್ಬರ ಭೇದವು ಸ್ಪಷ್ಟವಾಗುವುದು. ಆತನು ತನ್ನ ಹಿಂದೆ ಉಳಿಯುವ ಲೋಕಕ್ಕೆ ಅಪ್ಪಣೆಗಳನ್ನು ಕೊಡುವನು. ಪ್ರಸಿದ್ಧನಾದವನ ಚಿಂತೆ ಅದು. ಈಕೆಯದು ಒಂದೇ ಬೇಡಿಕೆ: ತನ್ನ ದೇಹ ಮಣ್ಣಿನದು, ಒಡೆಯುವುದು ನಿಶ್ಚಯ, ತಾಯಿ ಮಾತ್ರ ತನ್ನನ್ನು ಮರೆಯದಿರಲಿ. ಇದೂ ಮನೆಯ ವಿಷಯವೇ, ಪ್ರೀತಿಯ ವಿಷಯವೇ. ಮನೆಯ ಮಾತು ರ್ಯಾಪಿಗೆ ಸಲ್ಲದೆಂದವರು ಈ ಹಾಡನ್ನು ಕೇಳಿದ ಮೇಲೆ ಏನು ಹೇಳುವರೋ ತಿಳಿಯದು. ಸಂಪುಟದ ಕೊನೆಯ ಹಾಡಿನಲ್ಲಿ ತಾನು ಹೆಸರಿಲ್ಲದವಳೇಕೆಂಬುದಕ್ಕೆ ಆಕೆ ಕಾರಣವನ್ನು ಕೊಡುವಳು. ಸ್ವರ್ಗಕ್ಕೆ ನಡೆದು ಹೋಗುವಾಗ ಅಲ್ಲಿ ಯಾರಿಗೂ ಹೆಸರಿರದೆಂಬುದು ಅದರ ಒಂದು ಎಳೆ.

ಕೊರತೆಗಳು ಇಲ್ಲವೆಂದಲ್ಲ. ಕೆಲವು ಹಾಡುಗಳು ಮೈ ಬಿಸಿಯೇರುವಷ್ಟರಲ್ಲಿ ಮುಗಿಯುವುವು. ಧ್ವನಿ ತಗ್ಗಿನದಾದುದರಿಂದ ಮೊದಲನೆಯ ಸಲ ಕೇಳುವಾಗ ಅರ್ಧ ಮಾತು ಕೈತಪ್ಪಿ ಹೋಗುವುದು. ಒಂದು ಎಚ್ಚರಿಕೆಯನ್ನೂ ಕೊಡದಿದ್ದರೆ ಪೋಷಕರು ನಮ್ಮನ್ನು ಆಕ್ಷೇಪಿಸಿಯಾರು: ಎರಡು ಸಂಪುಟಗಳಲ್ಲಿಯೂ ಒರಟಾದ ಪದಗಳುಂಟು. ನೋನೇಮಳ ಮೊದಲನೆಯ ಹಾಡಿನಲ್ಲಿಯೇ ದೇಹದ ವಿಷಯವನ್ನು ಹಸಿಹಸಿಯಾಗಿ ಆಡಿದ ಮಾತಿದೆ. ಅದು ಕೆಣಕುವುದಕ್ಕಾಗಿಯೇ ಆಡಿದ್ದು. ಹೈಸ್ಕೂಲಿನ ಹಿರಿಯ ತರಗತಿಯವರು ಮನೆಯ ಹಿರಿಯರೊಬ್ಬರೊಡನೆ ಕುಳಿತು ಕೇಳುವುದು ಲೇಸೆಂದು ನಮ್ಮ ಅಭಿಪ್ರಾಯ. ಕೇಳಿದ ಮೇಲೆ ಮಾತುಕತೆಗೆ ವಿಷಯವೂ ಬೇಕಾದಷ್ಟು ಸಿಕ್ಕುವುದು.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. ‘ದೊಡ್ಡ ದಿನ’ದ ಗದ್ದಲ ಎದ್ದ 2019ರ ಬೇಸಗೆಯಲ್ಲಿಯೇ ನೋನೇಮಳು ಒಂದು ವಾಚನಕೂಟವನ್ನು ಪ್ರಾರಂಭಿಸಿದಳು. ತಿಂಗಳಿಗೆ ಎರಡು ಪುಸ್ತಕಗಳನ್ನು ಆರಿಸಿ ಊರೂರುಗಳಲ್ಲಿ ಓದಿಸುವುದು, ಸೆರೆಮನೆಗಳಲ್ಲಿರುವವರಿಗೂ ಅವನ್ನು ಕಳುಹಿಸುವುದು ಅದರ ಕೆಲಸ. 2021ರಲ್ಲಿ ಲಾಸ್ ಏಂಜಲಿಸಿನಲ್ಲಿ ಒಂದು ಪುಸ್ತಕಭಂಡಾರವನ್ನೂ ತೆರೆದಳು. ಆಕೆಯ ಮುಂದಿನ ಸಂಪುಟ ‘ಸನ್‌ಡಯಲ್’ ಬಂದುದು 2023ರಲ್ಲಿ. ಚಾನ್ಸನೂ ಸುಮ್ಮನಿರಲಿಲ್ಲ, 2025ರಲ್ಲಿ ‘ಸ್ಟಾರ್ ಲೈನ್’ ಎಂಬುದನ್ನು ಹೊರಡಿಸಿದನು. ಅದರ ವಿಚಾರವನ್ನು ಮತ್ತೊಂದು ಸಂದರ್ಭಕ್ಕೆ ಬಿಡುವೆವು.

ಕೇಳಬೇಕೆಂದಿರುವವರಿಗೆ ಒಂದು ಕ್ರಮವನ್ನು ಸೂಚಿಸುವೆವು. ಮೊದಲು ‘ಕಲರಿಂಗ್ ಬುಕ್’ನಿಂದ ಒಂದೆರಡು ಹಾಡುಗಳು; ಚಾನ್ಸನಿಗೆ ಎಷ್ಟು ಶಕ್ತಿಯಿತ್ತೆಂಬುದು ಇವುಗಳಿಂದ ತಿಳಿಯುವುದು. ಬಳಿಕ ‘ದೊಡ್ಡ ದಿನ’ದಿಂದ ಮೇಲೆ ಹೇಳಿದ ನಾಲ್ಕು ಮಾತ್ರ. ಆಮೇಲೆ ‘ರೂಮ್ 25’ನ್ನು ಮೊದಲಿನಿಂದ ಕೊನೆಯ ವರೆಗೆ ನಡುವೆ ನಿಲ್ಲಿಸದೆ ಒಂದು ಸಲ, ಮರುದಿನ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಇನ್ನೊಂದು ಸಲ. ಎರಡನೆಯ ಸಲ ಪೆನ್ಸಿಲನ್ನು ಕೈಯಲ್ಲಿ ಹಿಡಿದು ಪ್ರಾಸ ಬಿದ್ದ ಕಡೆಗಳಲ್ಲೆಲ್ಲ ಗೆರೆ ಎಳೆಯುತ್ತ ಹೋಗಿರಿ. ‘ಪ್ರಾರ್ಥನೆಯ ಹಾಡಿ’ಗೆ ಬಂದಾಗ, ಪೋಲೀಸಿನವನು ಎಲ್ಲಿಂದ ಮಾತಾಡತೊಡಗಿದನೆಂಬುದನ್ನು ಗುರುತು ಹಾಕಿಕೊಳ್ಳಿರಿ.